ಪವರ್ ಜಾಸ್ತಿ ಇದ್ದರೂ ನಿಂಟೆಂಡೊ 64ಕ್ಕೆ ಗೇಮ್ ಯಾಕೆ ಕಡಿಮೆ?

ಪ್ರಶ್ನೆ: ನಿಂಟೆಂಡೊ 64 ಅನ್ನುವ ಗೇಮ್ ಮೆಷಿನ್ ಸೋನಿಯ ಪ್ಲೇಸ್ಟೇಷನ್‌ಗಿಂತ ಪವರ್‌ಫುಲ್ ಆಗಿತ್ತು ಅಲ್ವಾ? ಮತ್ತೆ ಗೇಮ್ ಮಾಡುವ ಹೊರಗಿನ ಕಂಪನಿಗಳು ಯಾಕೆ ಸೋನಿ ಕಡೆ ಹೋದವು?

ಮತ್ತೆ ಅದೇ ಪ್ರಶ್ನೆ! ಸರಿ, ಇನ್ನೊಂದು ಸಲ ಹೇಳುತ್ತೇನೆ. ಕಾರಣ ಕ್ಯಾಸೆಟ್. ಟಿವಿ ಗೇಮ್ ನಿಂತಾಗ ನಾವು ಕಿತ್ತು, ಉಫ್ ಅಂತ ಊದಿ ಮತ್ತೆ ಚುಚ್ಚುತ್ತಿದ್ದೆವಲ್ಲ, ಅದರ ಜಾತಿಯದೇ. 1994ರ ಪ್ಲೇಸ್ಟೇಷನ್ ಸಿಡಿ ಹಿಡಿಯಿತು. 1996ರ ನಿಂಟೆಂಡೊ 64 ಕ್ಯಾಸೆಟ್ ಬಿಡಲಿಲ್ಲ.

ಪವರ್ ಇದ್ದ ಕಡೆ ಗೇಮ್ ತಾನಾಗಿ ಬರುತ್ತದೆ ಅನ್ನುವ ನಂಬಿಕೆ ಮಾತ್ರ ಎಷ್ಟು ಹೇಳಿದರೂ ಹೋಗುವುದಿಲ್ಲ. ಪ್ರೊಸೆಸರ್ ವೇಗ ನಿಂಟೆಂಡೊದ್ದು 93.75 ಮೆಗಾಹರ್ಟ್ಸ್, ಸೋನಿಯದು 34ರ ಹತ್ತಿರ. ಒಪ್ಪಿದೆ. ಆದರೆ ಟೆಕ್ಸ್ಚರ್, ಅಂದರೆ ಗೇಮ್‌ನ ಗೋಡೆ, ನೆಲದ ಮೇಲೆ ಅಂಟಿಸುವ ಚಿತ್ರ, ಇಟ್ಟುಕೊಳ್ಳಲು ನಿಂಟೆಂಡೊದ ಚಿಪ್‌ನಲ್ಲಿದ್ದ ಜಾಗ ಬರೀ 4 ಕೆಬಿ. ಆ ಗೇಮ್‌ಗಳ ಗೋಡೆ, ನೆಲ ಎಲ್ಲ ಮಸುಕು ಮಸುಕಾಗಿ ಕಾಣುವುದು ಅದಕ್ಕೇ.

"ಸಿಡಿಯಲ್ಲಿ 650 ಎಂಬಿ, ಕ್ಯಾಸೆಟ್‌ನಲ್ಲಿ ಹೆಚ್ಚೆಂದರೆ 64. ಜಾಗ ಸಾಲಲಿಲ್ಲ, ಅಷ್ಟೇ" ಅನ್ನುವವರೂ ಇದ್ದಾರೆ. ಅರ್ಧ ಸರಿ. 1997ರ ಫೈನಲ್ ಫ್ಯಾಂಟಸಿ 7 ಅನ್ನುವ ಗೇಮ್‌ಗೆ ಮೂರು ಸಿಡಿ ಬೇಕಾಯಿತು. ಆದರೆ ಎರಡು ಸಿಡಿಯ ರೆಸಿಡೆಂಟ್ ಈವಿಲ್ 2 ಅನ್ನು ಹಿಂಡಿ ಹಿಂಡಿ, ವಿಡಿಯೋ ಸಮೇತ, 64 ಎಂಬಿ ಕ್ಯಾಸೆಟ್ಟಿನೊಳಗೆ ಕೂರಿಸಿದರಲ್ಲ! ಜಾಗವನ್ನು ಹೇಗೋ ಹೊಂದಿಸಬಹುದು. ದುಡ್ಡನ್ನು ಹಾಗೆ ಹಿಂಡಲು ಆಗುವುದಿಲ್ಲ.

ಮದುವೆ ಊಟದವರಿಗೆ ಎಷ್ಟು ಎಲೆ ಅಂತ ಮೊದಲೇ ಹೇಳುತ್ತೇವಲ್ಲ, ಕ್ಯಾಸೆಟ್ ಲೆಕ್ಕವೂ ಅದೇ. ಒಳಗೆ ಚಿಪ್ ಇರುವುದರಿಂದ ಒಂದೊಂದೂ ದುಬಾರಿ. ನಿಂಟೆಂಡೊ ಹತ್ತಿರವೇ ಮಾಡಿಸಬೇಕು, ಮುಂಗಡ ದುಡ್ಡು ಕಟ್ಟಬೇಕು, ವಾರಗಟ್ಟಲೆ ಕಾಯಬೇಕು. ಕಡಿಮೆ ಹೇಳಿದರೆ ಬೇಡಿಕೆ ಇರುವಾಗಲೇ ಅಂಗಡಿ ಖಾಲಿ. ಜಾಸ್ತಿ ಹೇಳಿದರೆ ಗೋಡೌನ್ ತುಂಬ ಕ್ಯಾಸೆಟ್, ನಷ್ಟ ಗೇಮ್ ಕಂಪನಿಯದು. ಸಿಡಿಯನ್ನೂ ಸೋನಿಯೇ ಒತ್ತಿಕೊಡುತ್ತಿತ್ತು, ಆದರೆ ಖರ್ಚು ತೀರಾ ಕಡಿಮೆ. ಮೊದಲು ಸ್ವಲ್ಪ ತರಿಸಿ, ಓಡಿದರೆ ಮತ್ತೆ ತರಿಸಿದರಾಯಿತು. ಸಣ್ಣ ಕಂಪನಿಯೂ ಒಂದು ವಿಚಿತ್ರ ಗೇಮ್ ಮಾಡಿ ನೋಡುವ ಧೈರ್ಯ ಮಾಡಬಹುದಿತ್ತು.

ಹಾಗಾದರೆ ಪ್ರೋಗ್ರಾಂ ಬರೆಯಲು ಕಷ್ಟವಾದ ಮೆಷಿನ್ ಸೋಲುತ್ತದಾ? ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಅದೇ ಕಾಲದ ಇನ್ನೊಂದು ಗೇಮ್ ಮೆಷಿನ್ ಸೆಗಾ ಸ್ಯಾಟರ್ನ್‌ನಲ್ಲಿ ಎರಡು ಮುಖ್ಯ ಪ್ರೊಸೆಸರ್ ಇದ್ದವು, ಎರಡನ್ನೂ ಒಟ್ಟಿಗೆ ದುಡಿಸುವುದು ತಲೆನೋವು. ಮಾರಾಟ 1 ಕೋಟಿ ದಾಟಲಿಲ್ಲ, ಕಂಪನಿಗಳು ಕೈಬಿಟ್ಟವು. 2000ದ ಪ್ಲೇಸ್ಟೇಷನ್ 2 ಕೂಡ ಸುಲಭದ್ದಲ್ಲ, ಗ್ರಾಫಿಕ್ಸ್ ಮೆಮೊರಿ ಬರೀ 4 ಎಂಬಿ. ಎಲ್ಲರೂ ಬೈದುಕೊಂಡೇ ಅದಕ್ಕೆ ಗೇಮ್ ಮಾಡಿದರು. ಯಾಕೆ ಅಂದರೆ ಅದು ಮಾರಾಟವಾಗಿದ್ದು 15 ಕೋಟಿಗೂ ಜಾಸ್ತಿ.