ಹಾಸ್ಯರಸ ಟಿಪ್ಪಣಿ: ಆರು ನಗು, ಎರಡು ನೆಲೆ, ಒಂದು ಕುಂಡೆ ಹಬ್ಬ

ನಾಟಕ, ನೃತ್ಯದ ಬಗ್ಗೆ ಭರತ ಬರೆದ ಹಳೆಯ ಸಂಸ್ಕೃತ ಗ್ರಂಥ ನಾಟ್ಯಶಾಸ್ತ್ರದ 6ನೇ ಅಧ್ಯಾಯ. ಹಾಸ್ಯದ ಸ್ಥಾಯಿಭಾವ, ಅಂದರೆ ಅದರ ತಳದಲ್ಲಿರುವ ಭಾವ, ಹಾಸ (ನಗು). ವೇಷ, ಮಾತು, ನಡೆ ಇರಬೇಕಾದ ಹಾಗೆ ಇಲ್ಲದಿದ್ದರೆ ನಗು ಹುಟ್ಟುತ್ತದೆ. ಇದು ಎಲ್ಲರಿಗೂ ಗೊತ್ತಾಗುತ್ತದೆ, ಮುಂದೆ ಹೋಗೋಣ.

ಆರು ನಗು

ಸ್ಮಿತ, ಹಸಿತ ಉತ್ತಮ ಪಾತ್ರಗಳಿಗೆ. ವಿಹಸಿತ, ಉಪಹಸಿತ ಮಧ್ಯಮರಿಗೆ. ಅಪಹಸಿತ, ಅತಿಹಸಿತ ಅಧಮರಿಗೆ. ಬಾಯಿಪಾಠ ಬೇಡ, ಬಾಯಿಂದ ಮೈಗೆ ಇಳಿಯಿರಿ. ಸ್ಮಿತದಲ್ಲಿ ಹಲ್ಲು ಕಾಣಲ್ಲ. ಹಸಿತದಲ್ಲಿ ಸ್ವಲ್ಪ ಕಾಣುತ್ತದೆ. ವಿಹಸಿತಕ್ಕೆ ಸದ್ದು ಸೇರುತ್ತದೆ. ಉಪಹಸಿತದಲ್ಲಿ ಮೂಗು ಅರಳಿ ಹೆಗಲು, ತಲೆ ಬಾಗುತ್ತವೆ. ಅಪಹಸಿತದಲ್ಲಿ ಕಣ್ಣಲ್ಲಿ ನೀರು, ಹೆಗಲು ಕುಲುಕುತ್ತದೆ. ಅತಿಹಸಿತದಲ್ಲಿ ಪಕ್ಕೆ ಹಿಡಿದುಕೊಂಡು ಜೋರು ನಗು.

ಇವು ಹಾಸ್ಯದ ಬಗೆಗಳಲ್ಲ, ನಗುವಿನ ಮಟ್ಟಗಳು. ಒಂದೇ ಮಾತಿಗೆ ರಾಜ ಮುಗುಳ್ನಗಬಹುದು, ಸೇವಕ ಹೊಟ್ಟೆ ಹಿಡಿದುಕೊಳ್ಳಬಹುದು.

ನಟರಿಗೂ ಈ ಪಟ್ಟಿ ಕೆಲಸಕ್ಕೆ ಬರುತ್ತದೆ. ನಗು ಇಳಿಯುವ ತನಕ ಮುಂದಿನ ಮಾತು ಹೇಳಬಾರದು, ಹೇಳಿದರೆ ಎರಡೂ ಹಾಳು. ನಮ್ಮ ಕೊಡಗು ಜಿಲ್ಲೆಯಲ್ಲಿ ಜುಲೈ ಮಳೆ ಮಾಡಿನ ಶೀಟಿನ ಮೇಲೆ ಬಿದ್ದರೆ ನಗು ಕೇಳಿಸೋದೇ ಇಲ್ಲ. ಆಗ ಮುಂದಿನ ಸಾಲಿನವರ ಹೆಗಲು ನೋಡಿ. ಹೆಗಲು ನಿಂತಾಗ ಬಾಯಿ ತೆರೆಯಿರಿ.

ಆತ್ಮಸ್ಥ, ಪರಸ್ಥ

ಹಾಸ್ಯಕ್ಕೆ ಎರಡು ನೆಲೆ. ತಾನೇ ನಕ್ಕರೆ ಆತ್ಮಸ್ಥ, ಬೇರೆಯವರನ್ನು ನಗಿಸಿದರೆ ಪರಸ್ಥ. ಇಲ್ಲೇ ಸಿಕ್ಕು. ಆ ಬೇರೆಯವರು ಯಾರು? ಪ್ರೇಕ್ಷಕರು ಅಂತ ಥಟ್ಟನೆ ಹೊಳೆಯುತ್ತದೆ, ಅಲ್ವಾ? ನಿಧಾನಿಸಿ. ವಿದೂಷಕ ಎಡವಿ ಬಿದ್ದ. ತನ್ನ ಅವಸ್ಥೆ ನೋಡಿ ತಾನೇ ನಕ್ಕ: ಆತ್ಮಸ್ಥ. ಅದನ್ನು ನೋಡಿ ರಾಜನೂ ನಕ್ಕ: ಪರಸ್ಥ. ಇಬ್ಬರೂ ರಂಗದ ಮೇಲೇ ಇದ್ದಾರೆ. ಕೆಳಗೆ ಕೂತ ನಾವು ಸವಿಯುವುದು ಇವೆರಡರಲ್ಲಿ ಯಾವುದೂ ಅಲ್ಲ, ಅದು ರಸ, ಅಂದರೆ ನೋಡುಗರಿಗೆ ಸಿಗುವ ಸವಿ. ರಾಜ ನಗದೆ ಗಂಭೀರವಾಗಿ ಕೂತರೂ ನಾವು ನಗುತ್ತೇವೆ. ಎಷ್ಟೋ ಸಲ ಆಗಲೇ ಜಾಸ್ತಿ ನಗುತ್ತೇವೆ. ನಾನು ಓದಿಕೊಳ್ಳುವುದು ಹೀಗೆ. ಇದು ಕೂತುಬಿಟ್ಟರೆ ಉಳಿದದ್ದು ಸಲೀಸು.

ರಂಗವೇ ಇಲ್ಲದಿದ್ದರೆ?

ಕೊಡಗಿನ ತಿತಿಮತಿ ಹತ್ತಿರದ ದೇವರಪುರದಲ್ಲಿ ಮೇ ತಿಂಗಳಲ್ಲಿ ಕುಂಡೆ ಹಬ್ಬ. ಜೇನುಕುರುಬ, ಯರವ ಬುಡಕಟ್ಟಿನವರು ವೇಷ ಹಾಕಿ ಬರುತ್ತಾರೆ. ಗಂಡಸರು ಹೆಂಗಸರ ಬಟ್ಟೆ ತೊಡುತ್ತಾರೆ. ಡಬ್ಬ ಬಡಿಯುತ್ತಾ ದಾರಿಯಲ್ಲಿ ಸಿಕ್ಕವರನ್ನೆಲ್ಲ ಬೈದು ಕಾಸು ಕೇಳುತ್ತಾರೆ. ದೇವರಿಗೂ ಬೈಗುಳ ತಪ್ಪಿದ್ದಲ್ಲ. ಬೇಟೆಗೆ ಕರೆದುಕೊಂಡು ಹೋದ ಅಯ್ಯಪ್ಪ ಇವರನ್ನು ಕಾಡಲ್ಲೇ ಬಿಟ್ಟು ಭದ್ರಕಾಳಿಯ ಹಿಂದೆ ಹೋದ ಅನ್ನೋದು ಕಥೆ.

ವೇಷ, ಮಾತು, ನಡೆ ಮೂರೂ ಇಲ್ಲಿ ಬೇಕಂತಲೇ ತಲೆಕೆಳಗು. ಆದರೆ ರಾಜನೂ ಪ್ರೇಕ್ಷಕನೂ ಬೇರೆ ಬೇರೆ ಇಲ್ಲ. ಜೀಪು ನಿಲ್ಲಿಸಿ, ಬೈಸಿಕೊಂಡು, ನಗುತ್ತಾ ಜೇಬಿಗೆ ಕೈ ಹಾಕುವ ಸಾಹುಕಾರರು ಪಾತ್ರವೂ ಹೌದು, ನೋಡುಗರೂ ಹೌದು. ಪುಸ್ತಕದ ಗೆರೆ ಇಲ್ಲಿ ಅಳಿಸಿಹೋಗುತ್ತದೆ. ನನಗೆ ಈ ಪಾಠದಲ್ಲಿ ತುಂಬ ಹಿಡಿಸಿದ್ದು ಇದೇ. ವರ್ಷವಿಡೀ ಲೈನ್‌ಮನೆಯಲ್ಲಿ (ತೋಟದ ಕೆಲಸಗಾರರ ಸಾಲುಮನೆ) ಇದ್ದು ತೋಟದ ಕೆಲಸ ಮಾಡುವವರಿಗೆ ಅವತ್ತು ಬಾಯಿ ಬಿಡುವ ಹಕ್ಕಿದೆ. ಅದೇ ಮಾತು ಮರುದಿನ ಗೇಟಿನ ಹತ್ತಿರ ಬಂದರೆ ಜಗಳ.

ಸ್ಟ್ಯಾಂಡ್‌ಅಪ್ ಕಾಮಿಡಿಯಲ್ಲಿ ಮುಂದಿನ ಸಾಲಿನವರನ್ನು ಮಾತಿಗೆಳೆದು ಕಾಲೆಳೆಯುವುದೂ ಇದೇ ಜಾತಿ. ಅಲ್ಲಿ ಹಬ್ಬದ ದಿನದ ಬದಲು ಮೈಕು ಹಕ್ಕು ಕೊಡುತ್ತದೆ. ಆ ಒಪ್ಪಂದ ಗೊತ್ತಿಲ್ಲದೆ ಮುಂದೆ ಕೂತವರು ಮುಖ ಗಂಟಿಕ್ಕುತ್ತಾರೆ, ಹಿಂದಿನ ಸಾಲು ಮಾತ್ರ ನಗುತ್ತದೆ.