ಕರೆಂಟು ಹೋದಾಗ ನಿಂತ ಗುಂಯ್ ಸದ್ದು

ಜುಲೈ ತಿಂಗಳ ಒಂದು ರಾತ್ರಿ ಮಂಗಳೂರಿನ ಬಿಜೈಯಲ್ಲಿ, ಅಕ್ಕನ ಮನೆಯಲ್ಲಿ ಕುಳಿತು ಅವಳ ಮಗನ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದೆ. ಹೆಂಚಿನ ಮೇಲೆ ಮಳೆ ಸುರಿಯುತ್ತಿತ್ತು. ಬ್ಯಾಟರಿಯಿಂದ ನಡೆಯುವ ಪುಟ್ಟ ಆಂಪ್ಲಿಫೈಯರಿನಿಂದ ಸ್ವರಗಳ ಹಿಂದೆಯೇ ಗುಂಯ್ ಎಂಬ ಸದ್ದು ಒಂದೇ ಸಮನೆ ಬರುತ್ತಿತ್ತು. "ಮಾವ, ಈ ಗಿಟಾರೇ ಹಾಳಾಗಿದೆ" ಎಂದು ಹುಡುಗ ಬೇಸರದಿಂದ ಹೇಳಿದ. ಅಷ್ಟರಲ್ಲಿ ಎಲ್ಲೋ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದಿರಬೇಕು, ಇಡೀ ಕೇರಿಯ ಕರೆಂಟು ಹೋಯಿತು. ಅದರ ಜೊತೆಗೇ ಗುಂಯ್ ಸದ್ದೂ ನಿಂತಿತು. ಕತ್ತಲಲ್ಲಿ ನಾನು ಮೀಟಿದ ತಂತಿಯೊಂದೇ ಗಂಟೆಯಂತೆ ಸ್ಪಷ್ಟವಾಗಿ ಕೇಳಿಸಿತು.

ಅಷ್ಟು ಹೊತ್ತೂ ಆ ಗಿಟಾರ್ ನನ್ನ ಬೆರಳಿನ ಜೊತೆಗೆ ಮನೆಯ ಕರೆಂಟನ್ನೂ ಆಲಿಸುತ್ತಿತ್ತು.

ಇಗರ್ಜಿಯ ಗಾಯನವೃಂದಗಳಲ್ಲಿ, ಮದುವೆಗೆ ಮುಂಚಿನ ರೋಸ್ ಸಮಾರಂಭಗಳಲ್ಲಿ, ಮಣಿಪಾಲದ ಹಾಸ್ಟೆಲುಗಳಲ್ಲಿ ಗಿಟಾರ್ ನಮ್ಮ ಕರಾವಳಿಗೆ ಚೆನ್ನಾಗಿ ಒಗ್ಗಿದ ವಾದ್ಯ. ಮರದ ಟೊಳ್ಳು ಹೊಟ್ಟೆಯ ಗಿಟಾರ್ ಗಾಳಿಯನ್ನು ಅಲುಗಿಸಿ ಸದ್ದು ಮಾಡುತ್ತದೆ. ಎಲೆಕ್ಟ್ರಿಕ್ ಗಿಟಾರಿನ ದಾರಿ ಬೇರೆ. ಅದರ ತಂತಿಗಳ ಕೆಳಗೆ ಪಿಕಪ್ ಎಂಬ ಪುಟ್ಟ ಭಾಗವಿದೆ: ಒಂದಿಷ್ಟು ಅಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿಯ ಸಾವಿರಾರು ಸುತ್ತು. ಅಯಸ್ಕಾಂತದಿಂದಾಗಿ ಮೇಲಿನ ಉಕ್ಕಿನ ತಂತಿಯೂ ಸ್ವಲ್ಪ ಅಯಸ್ಕಾಂತವಾಗಿರುತ್ತದೆ. ತಂತಿ ಕಂಪಿಸಿದಾಗ ಸುರುಳಿಯೊಳಗಿನ ಕಾಂತಕ್ಷೇತ್ರ ಹೆಚ್ಚುಕಡಿಮೆಯಾಗುತ್ತದೆ, ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ನಿಯಮವೇ ಇದು. ಲಿಂಗನಮಕ್ಕಿಯ ನೀರು ಟರ್ಬೈನ್ ತಿರುಗಿಸಿದಾಗ ಕರೆಂಟು ಹುಟ್ಟುವುದೂ ಇದೇ ನಿಯಮದಿಂದ. ಅಲ್ಲಿ ಮೆಗಾವ್ಯಾಟ್‌ಗಳ ಲೆಕ್ಕ, ಇಲ್ಲಿ ಮಿಲಿವೋಲ್ಟ್‌ಗಳ ಲೆಕ್ಕ. ನೈಲಾನ್ ತಂತಿ ಕಟ್ಟಿ ಎಷ್ಟು ಮೀಟಿದರೂ ಈ ಪಿಕಪ್ಪಿಗೆ ಏನೂ ತಿಳಿಯುವುದಿಲ್ಲ.

ಆದರೆ ಕಾಂತಕ್ಷೇತ್ರದ ಬದಲಾವಣೆ ತಂತಿಯಿಂದ ಬಂದದ್ದೋ ಗೋಡೆಯ ವೈರಿನಿಂದ ಬಂದದ್ದೋ ಎಂದು ಸುರುಳಿ ಬೇರ್ಪಡಿಸಲಾರದು. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದೆಮುಂದೆ ಹರಿಯುತ್ತದೆ. ಸುರುಳಿಗೆ ಈ 50 ಹರ್ಟ್ಸ್ ಮತ್ತು ಅದರ ಗುಣಕಗಳಾದ 100, 150 ಎಲ್ಲವೂ ತಲುಪುತ್ತವೆ. ಗಿಟಾರಿನ ಅತಿ ದಪ್ಪ ತಂತಿಯನ್ನು ಕತ್ತಿನ ಮೂರನೆಯ ಪಟ್ಟಿಯಲ್ಲಿ (ಫ್ರೆಟ್) ಒತ್ತಿದರೆ 98 ಹರ್ಟ್ಸಿನ ಸ್ವರ ಬರುತ್ತದೆ. ನಮ್ಮ ಗುಂಯ್ ಸದ್ದಿನ 100 ಹರ್ಟ್ಸ್ ಅದಕ್ಕಿಂತ ಕೂದಲೆಳೆಯಷ್ಟು ಮೇಲೆ ನಿಲ್ಲುತ್ತದೆ. ಎರಡನ್ನೂ ಒಟ್ಟಿಗೆ ಕೇಳಿದರೆ ಸೆಕೆಂಡಿಗೆ ಎರಡು ಸಲ ಅಲೆಯಂತೆ ಏರಿಳಿಯುವ ಮಿಡಿತ ಸಿಗುತ್ತದೆ. ಕೇಳಿ ನೋಡಿ, ಖುಷಿಯಾಗುತ್ತದೆ. ಅಮೆರಿಕದಲ್ಲಿ ಕರೆಂಟು 60 ಹರ್ಟ್ಸಿನದು, ಅಲ್ಲಿಯ ಗಿಟಾರಿನ ಗುಂಯ್ ಶ್ರುತಿಯೇ ಬೇರೆ.

ಇದಕ್ಕೆ ಸಿಕ್ಕ ಪರಿಹಾರ ನನಗೆ ಇಂದಿಗೂ ಅಚ್ಚರಿಯದು. ಗಿಬ್ಸನ್ ಕಂಪನಿಯ ಎಂಜಿನಿಯರ್ ಸೆತ್ ಲವರ್ 1955ರಲ್ಲಿ ಎರಡು ಸುರುಳಿಗಳ ಪಿಕಪ್ಪಿಗೆ ಪೇಟೆಂಟ್ ಕೋರಿದರು. ಒಂದರ ಸುತ್ತು ಇನ್ನೊಂದಕ್ಕೆ ವಿರುದ್ಧ, ಅಯಸ್ಕಾಂತದ ಧ್ರುವವೂ ವಿರುದ್ಧ. ಗೋಡೆಯಿಂದ ಬರುವ ಗುಂಯ್‌ಗೆ ಅಯಸ್ಕಾಂತದ ಹಂಗಿಲ್ಲ. ಅದು ಎರಡು ಸುರುಳಿಗಳಲ್ಲಿ ಎದುರುಬದುರಾಗಿ ಹುಟ್ಟಿ ಪರಸ್ಪರ ಅಳಿಸಿಕೊಳ್ಳುತ್ತದೆ. ತಂತಿಯ ಸಂಕೇತವಾದರೋ ಧ್ರುವದಿಂದ ಒಮ್ಮೆ, ಸುತ್ತಿನಿಂದ ಇನ್ನೊಮ್ಮೆ ತಿರುಗಿ ಮೊದಲಿನಂತೆಯೇ ಆಗಿ, ಎರಡೂ ಕೂಡಿಕೊಳ್ಳುತ್ತವೆ. ಋಣವನ್ನು ಋಣದಿಂದ ಗುಣಿಸಿದರೆ ಧನ ಎಂದು ಶಾಲೆಯಲ್ಲಿ ಕಲಿತ ಲೆಕ್ಕ ಇಲ್ಲಿ ಕಿವಿಗೆ ಕೇಳಿಸುತ್ತದೆ. ಇದೇ ಹಂಬಕರ್. ಆದರೂ ಒಂಟಿ ಸುರುಳಿಯ ಹೊಳಪಿನ, ಗಾಜಿನಂಥ ದನಿಯನ್ನು ನಾನು ಬಿಟ್ಟುಕೊಡಲಾರೆ. ಅಕ್ಕನ ಮಗನ ಗಿಟಾರಿನಲ್ಲಿರುವುದೂ ಅದೇ.

ಮರುದಿನ ಕರೆಂಟು ಬಂದ ಮೇಲೆ ಹುಡುಗನೂ ನಾನೂ ಹುಡುಕಾಟಕ್ಕೆ ಕುಳಿತೆವು. ಗಿಟಾರಿನ ವಾಲ್ಯೂಮ್ ಸೊನ್ನೆಗೆ ಇಳಿಸಿದಾಗ ಸದ್ದು ಬಹುಪಾಲು ಅಡಗಿತು. ಹಾಗಾಗಿ ಕೇಬಲ್ಲು, ಆಂಪ್ಲಿಫೈಯರುಗಳ ಮೇಲಿನ ಅನುಮಾನ ಹೋಯಿತು. ವಾಲ್ಯೂಮ್ ಏರಿಸಿ, ಗಿಟಾರ್ ಹಿಡಿದೇ ಕುರ್ಚಿಯನ್ನು ನಿಧಾನವಾಗಿ ತಿರುಗಿಸಲು ಹುಡುಗನಿಗೆ ಹೇಳಿದೆ. ಕಿಟಕಿಯ ಕಡೆ ಮುಖ ಮಾಡಿದಾಗ ಗುಂಯ್ ಅರ್ಧಕ್ಕರ್ಧ ಕುಗ್ಗಿತು. ಸುರುಳಿಯ ಅಕ್ಷಕ್ಕೂ ಹೊರಗಿನ ಕ್ಷೇತ್ರಕ್ಕೂ ಲಂಬಕೋನವಾದಾಗ ಸುರುಳಿಗೆ ಏನೂ ಸಿಗುವುದಿಲ್ಲ. ಕಾಸು ಖರ್ಚಿಲ್ಲದ ಈ ಉಪಾಯವನ್ನು ಎಷ್ಟೋ ವಾದಕರು ಪ್ರಯತ್ನಿಸುವುದೇ ಇಲ್ಲ.

ಗುಂಯ್ ಜೊತೆ ಬೆರೆತಿದ್ದ ಇನ್ನೊಂದು ಚೂಪು ಝರ್ ಸದ್ದಿಗೆ ಕಾರಣ ತಲೆಯ ಮೇಲಿತ್ತು. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರುಗಳಲ್ಲಿ ಹಲವು ಬಗೆಯವು ವಿದ್ಯುತ್ತಿನ ಅಲೆಯನ್ನು ಸೆಕೆಂಡಿಗೆ 100 ಸಲ ಕತ್ತರಿಸಿ ವೇಗ ತಗ್ಗಿಸುತ್ತವೆ. ಆ ಕತ್ತರಿಸಿದ ಅಂಚುಗಳೇ ಎತ್ತರದ ಶ್ರುತಿಯ ಕರ್ಕಶವಾಗುತ್ತವೆ. ಫ್ಯಾನನ್ನು ಪೂರ್ತಿ ವೇಗಕ್ಕೆ ತಿರುಗಿಸಿದೊಡನೆ ಝರ್ ಇಲ್ಲವಾಯಿತು. ಮೊಬೈಲ್ ಚಾರ್ಜರ್, ಅಗ್ಗದ ಎಲ್‌ಇಡಿ ಬಲ್ಬು, ಚೌಕ ಅಲೆಯ ಇನ್‌ವರ್ಟರ್ ಇವೆಲ್ಲಕ್ಕೂ ತಮ್ಮತಮ್ಮ ದನಿಯಿದೆ. ಒಂದೊಂದಾಗಿ ಆರಿಸಿ ಕೇಳಿದರೆ ಗುರುತು ಹತ್ತುತ್ತದೆ.

ನಮಗೆ ಸಿಕ್ಕ ನಿಜವಾದ ದೋಷ ಒಂದೇ. ಸಾಮಾನ್ಯವಾಗಿ ಗಿಟಾರಿನ ತಂತಿಗೆ ಕೈ ತಾಗಿದಾಗ ಸದ್ದು ಕುಗ್ಗಬೇಕು. ನಮ್ಮ ಮೈ ಸುತ್ತಲಿನ ವಿದ್ಯುತ್ ಕ್ಷೇತ್ರವನ್ನು ಹಿಡಿದು ಪಿಕಪ್ಪಿಗೆ ದಾಟಿಸುತ್ತಿರುತ್ತದೆ. ತಂತಿ ಮುಟ್ಟಿದಾಗ ಅದು ತಂತಿಗಳ ಬುಡವನ್ನು ಹೊತ್ತ ಲೋಹದ ಸೇತುವೆಯ (ಬ್ರಿಡ್ಜ್) ಕೆಳಗಿನ ಒಂದು ವೈರಿನ ಮೂಲಕ ಗಿಟಾರಿನ ಗ್ರೌಂಡಿಗೆ ಸೇರಿ, ಮೈಯೇ ಪರದೆಯಾಗುತ್ತದೆ. ಇಲ್ಲಿ ತಂತಿ ಮುಟ್ಟಿದರೆ ವ್ಯತ್ಯಾಸವಿರಲಿಲ್ಲ, ಕೇಬಲಿನ ಲೋಹದ ತುದಿಯನ್ನು ಮುಟ್ಟಿದಾಗ ಮಾತ್ರ ಸದ್ದು ಇಳಿಯುತ್ತಿತ್ತು. ಅಂದರೆ ಸೇತುವೆಯ ವೈರು ಬಿಟ್ಟಿರಬೇಕು. ಹಿಂದಿನ ಮುಚ್ಚಳ ತೆಗೆದು ನೋಡಿದರೆ ಹೌದು, ಬೆಸುಗೆ ಹಸಿರುಗಟ್ಟಿ ಕಳಚಿತ್ತು. ಕಡಲ ಉಪ್ಪುಗಾಳಿಯೂ ನಮ್ಮ ಮಳೆಗಾಲದ ತೇವವೂ ತಾಮ್ರವನ್ನು ಹಾಗೆ ಬಿಡುವುದಿಲ್ಲ. ತುಕ್ಕು ಕೆರೆದು, ಹೊಸದಾಗಿ ಬೆಸೆದೆವು. ವಾಲ್ಯೂಮ್ ತಿರುಗಿಸುವಾಗ ಬರುತ್ತಿದ್ದ ಕರಕರ ಸದ್ದಿಗೆ ಹಂಪನಕಟ್ಟೆಯ ಅಂಗಡಿಯಿಂದ ತಂದ ಕಾಂಟ್ಯಾಕ್ಟ್ ಕ್ಲೀನರ್ ಎರಡು ಸಲ ಸಿಂಪಡಿಸಿ, ಗುಂಡಿಯನ್ನು ಹಿಂದೆಮುಂದೆ ಇಪ್ಪತ್ತು ಸಲ ತಿರುಗಿಸಿದರೆ ಸಾಕಾಯಿತು.

ಗಿಟಾರಿನ ಒಳಗೆ ತಾಮ್ರದ ಹಾಳೆ ಅಂಟಿಸಿದರೆ ಎಲ್ಲವೂ ಮೌನವಾಗುತ್ತದೆ ಎಂದು ನಂಬಿ ನಿರಾಶರಾಗುವವರಿದ್ದಾರೆ. ತಾಮ್ರದ ಹಾಳೆ ವಿದ್ಯುತ್ ಕ್ಷೇತ್ರವನ್ನು ತಡೆಯುತ್ತದೆ. 50 ಹರ್ಟ್ಸಿನ ಕಾಂತಕ್ಷೇತ್ರ ಮಾತ್ರ ಅದರ ಮೂಲಕ ಸಲೀಸಾಗಿ ಹಾಯ್ದು ಬರುತ್ತದೆ. ಟ್ರಾನ್ಸ್‌ಫಾರ್ಮರಿನಿಂದ ನಾಲ್ಕು ಹೆಜ್ಜೆ ದೂರ ಕುಳಿತರೆ ಅದಕ್ಕಿಂತ ಹೆಚ್ಚು ಲಾಭ.

ವೇದಿಕೆಗಳಲ್ಲಿ ಗುಂಯ್ ನಿಲ್ಲಿಸಲು ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ಥಿಂಗ್ ಪಿನ್ನನ್ನು ಕಿತ್ತು ಹಾಕುವುದನ್ನು ಕಂಡಾಗ ನನಗೆ ಎದೆ ಝಲ್ಲೆನ್ನುತ್ತದೆ. ಸದ್ದು ನಿಲ್ಲಬಹುದು. ಆದರೆ ಆಂಪ್ಲಿಫೈಯರಿನೊಳಗೆ ಏನಾದರೂ ಕೆಟ್ಟರೆ, ಒದ್ದೆ ನೆಲದ ಮೇಲೆ ತಂತಿ ಹಿಡಿದು ನಿಂತವನ ಮೈ ಮೂಲಕವೇ ಕರೆಂಟು ಭೂಮಿಗೆ ಇಳಿಯುತ್ತದೆ. ಎಲ್ಲ ಯಂತ್ರಗಳಿಗೂ ಒಂದೇ ಬೋರ್ಡಿನಿಂದ ಕರೆಂಟು ಕೊಟ್ಟರೆ, ಬೇರೆ ಬೇರೆ ಅರ್ಥಿಂಗ್ ದಾರಿಗಳಿಂದ ಹುಟ್ಟುವ ಆ ಬಗೆಯ ಗುಂಯ್ ಬಹಳಷ್ಟು ಸಲ ಹೋಗುತ್ತದೆ. ವಾಲ್ವ್ ಆಂಪ್ಲಿಫೈಯರನ್ನಂತೂ ತಿಳಿಯದವರು ಬಿಚ್ಚಲೇಬಾರದು. ಆರಿಸಿದ ಮೇಲೂ ಅದರಲ್ಲಿ ನೂರಾರು ವೋಲ್ಟ್ ಉಳಿದಿರಬಹುದು.

ಸಂಜೆಯ ಹೊತ್ತಿಗೆ ನಮ್ಮ ಗಿಟಾರಿನಲ್ಲಿ ಗುಂಯ್ ಬಹುತೇಕ ಕೇಳದಷ್ಟಾಗಿತ್ತು. ಆಂಪ್ಲಿಫೈಯರಿಗೆ ಕಿವಿ ತಾಗಿಸಿದರೆ ತೆಳ್ಳಗಿನ ಸುಂಯ್ ಎಂಬ ಸದ್ದು ಮಾತ್ರ ಉಳಿದಿತ್ತು. "ಇದನ್ನೂ ತೆಗೆಯೋಣ ಮಾವ" ಎಂದ ಹುಡುಗ. ಅದರಲ್ಲಿ ಒಂದು ಪಾಲನ್ನು ಯಾರೂ ತೆಗೆಯಲಾರರು. ಕೊಂಚವಾದರೂ ಬಿಸಿಯಿರುವ ಯಾವುದೇ ವಾಹಕದಲ್ಲಿ ಎಲೆಕ್ಟ್ರಾನುಗಳು ಸುಮ್ಮನಿರುವುದಿಲ್ಲ, ಅವುಗಳ ಎಡೆಬಿಡದ ಅಲುಗಾಟವೇ ಸದ್ದಾಗುತ್ತದೆ. ಜಾನ್ ಜಾನ್ಸನ್ ಇದನ್ನು ಅಳೆದರು, ಹ್ಯಾರಿ ನೈಕ್ವಿಸ್ಟ್ ಗಣಿತದಿಂದ ವಿವರಿಸಿದರು, 1928ರಲ್ಲಿ ಇಬ್ಬರ ಪ್ರಬಂಧಗಳೂ ಪ್ರಕಟವಾದವು. ಹುಡುಗ ಮತ್ತೊಮ್ಮೆ ಸ್ಪೀಕರಿಗೆ ಕಿವಿಯಿಟ್ಟು, ಬಹಳ ಹೊತ್ತು ಅದನ್ನೇ ಕೇಳುತ್ತ ಕುಳಿತ. ಆಮೇಲೆ ಗಿಟಾರನ್ನು ತೊಡೆಗೇರಿಸಿ, ಹತ್ತಿಬಟ್ಟೆಯಿಂದ ತಂತಿಗಳ ಬೆವರು ಒರೆಸಿ, ದಪ್ಪ ತಂತಿಯ ಮೂರನೆಯ ಪಟ್ಟಿಯನ್ನು ಒತ್ತಿ ಮೀಟಿದ.