ಗೇಮಿಗೂ ಎಡಿಟಿಂಗಿಗೂ ಒಂದೇ ಕಂಪ್ಯೂಟರ್: ಪ್ರೊಸೆಸರ್ ಯಾವುದು ತಗೊಳ್ಳಲಿ?

ಓದುಗರ ಪ್ರಶ್ನೆ: ಸಾಗರದ ಹತ್ತಿರ ನಮ್ಮ ಊರು. ಮದುವೆ, ಯಕ್ಷಗಾನದ ವಿಡಿಯೋ ಮಾಡಿಕೊಡುತ್ತೇನೆ. ರಾತ್ರಿ ಬಿಡುವಾದರೆ ಗೇಮ್ ಆಡುತ್ತೇನೆ. ಹೊಸ ಡೆಸ್ಕ್‌ಟಾಪ್ ಕಟ್ಟಿಸಬೇಕು. ಸ್ನೇಹಿತರು ರೈಜನ್ 7 7800ಎಕ್ಸ್3ಡಿ ಅಂತಾರೆ, ಶಿವಮೊಗ್ಗದ ಅಂಗಡಿಯವರು ಇಂಟೆಲ್ ಐ7 14700ಕೆ ಅಂತಾರೆ. ಯಾವುದು ಸರಿ?

ನಿಮ್ಮ ಕೆಲಸಕ್ಕೆ ಎರಡೂ ಬೇಕಾಗಲಿಕ್ಕಿಲ್ಲ ಅಂತ ನನ್ನ ಅಭಿಪ್ರಾಯ. ಯಾವುದು ಬೇಕು ಅನ್ನುವುದನ್ನು ನಿಮ್ಮ ಮಾನಿಟರ್ ಮತ್ತು ಕ್ಯಾಮೆರಾ ಹೇಳಬೇಕು. ಈ ಎರಡನ್ನು ನೋಡದೆ ಪ್ರೊಸೆಸರ್ ಆರಿಸಿದರೆ ದುಡ್ಡು ತಪ್ಪು ಜಾಗಕ್ಕೆ ಹೋಗುತ್ತದೆ.

ಮೊದಲು ಎಕ್ಸ್3ಡಿ ವಿಷಯ. ಅದರ ಬಗ್ಗೆ ಕೇಳುವ ಹೊಗಳಿಕೆ ಸುಳ್ಳಲ್ಲ. ಸಾಮಾನ್ಯ ರೈಜನ್ 7 7700ರಲ್ಲಿ 32 ಎಂಬಿ ಎಲ್3 ಕ್ಯಾಶ್ ಇದೆ, ಅಂದರೆ ಪ್ರೊಸೆಸರಿನ ಒಳಗೇ ಇರುವ ವೇಗದ ಮೆಮೊರಿ. 7800ಎಕ್ಸ್3ಡಿಯಲ್ಲಿ ಅದರ ಮೇಲೆ ಇನ್ನೊಂದು 64 ಎಂಬಿ ಪದರ ಕೂರಿಸಿ ಒಟ್ಟು 96 ಎಂಬಿ ಮಾಡಿದ್ದಾರೆ. ಅಕ್ಕಿ-ಬೇಳೆ ಅಡುಗೆಮನೆಯ ಡಬ್ಬಿಯಲ್ಲೇ ಇದ್ದರೆ ಪ್ರತಿ ಸಲ ಅಟ್ಟ ಹತ್ತಬೇಕಿಲ್ಲ ಅಲ್ವಾ, ಹಾಗೆ ಇದು. ಗೇಮ್ ನಡೆಯುವಾಗ ಚೂರುಪಾರು ಮಾಹಿತಿಯನ್ನು ಅಲ್ಲಿಂದ ಇಲ್ಲಿಂದ ಹುಡುಕಿ ತೆಗೆಯುತ್ತಲೇ ಇರಬೇಕು. ರ‍್ಯಾಮ್ ತನಕ ಹೋಗದೆ ಕ್ಯಾಶ್‌ನಲ್ಲೇ ಸಿಕ್ಕಿದರೆ ಫ್ರೇಮ್ ರೇಟ್ (ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ) ಏರುತ್ತದೆ. ಫ್ಲೈಟ್ ಸಿಮ್ಯುಲೇಟರ್, ಫ್ಯಾಕ್ಟೋರಿಯೋ ತರಹದ ಗೇಮ್‌ಗಳಲ್ಲಿ ಈ ವ್ಯತ್ಯಾಸ ಚೆನ್ನಾಗಿಯೇ ಕಾಣುತ್ತದೆ.

ವಿಡಿಯೋ ಎಕ್ಸ್‌ಪೋರ್ಟಿನ ಲೆಕ್ಕವೇ ಬೇರೆ. ಅಲ್ಲಿ ಕೋರ್‌ಗಳ ಸಂಖ್ಯೆ ಮತ್ತು ವೇಗ ಮುಖ್ಯ. ಕೋರ್ ಅಂದರೆ ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಒಂದೊಂದು ಘಟಕ. 7700, 7800ಎಕ್ಸ್3ಡಿ ಎರಡರಲ್ಲೂ 8 ಕೋರ್. ಗರಿಷ್ಠ ವೇಗ 7700ರದ್ದು 5.3 ಗಿಗಾಹರ್ಟ್ಸ್, 7800ಎಕ್ಸ್3ಡಿಯದ್ದು 5.0. ಕ್ಯಾಶ್ ಪದರ ಕೋರ್‌ಗಳ ಮೇಲೆ ಕೂತಿರುವುದರಿಂದ ಬಿಸಿ ಸಲೀಸಾಗಿ ಹೊರಗೆ ಹೋಗುವುದಿಲ್ಲ, ಅದಕ್ಕೇ ವೇಗ ಇಳಿಸಿದ್ದಾರೆ. 2024ರ ನವೆಂಬರಿನಲ್ಲಿ ಬಂದ 9800ಎಕ್ಸ್3ಡಿಯಲ್ಲಿ ಪದರವನ್ನು ಕೋರ್‌ಗಳ ಕೆಳಗೆ ಹಾಕಿದರು, ವೇಗ 5.2ಕ್ಕೆ ಬಂತು. ಅದು ಎರಡೂ ಕೆಲಸಕ್ಕೆ ಒಳ್ಳೆಯದು, ಆದರೆ ಬೆಲೆಯೂ ಅದಕ್ಕೆ ತಕ್ಕ ಹಾಗೇ ಇದೆ.

ಈಗ ಮಾನಿಟರ್. ಅದು 60 ಅಥವಾ 75 ಹರ್ಟ್ಸ್‌ನದ್ದಾದರೆ ಸೆಕೆಂಡಿಗೆ ಅಷ್ಟೇ ಚಿತ್ರ ತೋರಿಸುತ್ತದೆ. ಪ್ರೊಸೆಸರ್ 200 ಫ್ರೇಮ್ ಕೊಟ್ಟರೂ ಹೆಚ್ಚಿನದು ಕಣ್ಣಿಗೆ ಬೀಳುವುದಿಲ್ಲ. ಈಗಿನ ಕಂಪ್ಯೂಟರಿನಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ನೀವು ಆಡುವ ಗೇಮ್ ಹಾಕಿ, ಫ್ರೇಮ್ ಮಿತಿ ಮತ್ತು ವಿ-ಸಿಂಕ್ (ಫ್ರೇಮ್ ರೇಟನ್ನು ಮಾನಿಟರಿನ ವೇಗಕ್ಕೆ ಕಟ್ಟಿಹಾಕುವ ಸೆಟ್ಟಿಂಗ್) ತೆಗೆದು, ಗಲಾಟೆ ಜಾಸ್ತಿ ಇರುವ ಜಾಗದಲ್ಲಿ ನಿಂತು ಫ್ರೇಮ್ ರೇಟ್ ಬರೆದಿಟ್ಟುಕೊಳ್ಳಿ. ಆಮೇಲೆ ರೆಸಲ್ಯೂಶನ್ 1080ರಿಂದ 720ಕ್ಕೆ ಇಳಿಸಿ ಅದೇ ಜಾಗದಲ್ಲಿ ನೋಡಿ. ಫ್ರೇಮ್ ರೇಟ್ ಚೆನ್ನಾಗಿ ಏರಿದರೆ ತಡೆಯುತ್ತಿರುವುದು ಗ್ರಾಫಿಕ್ಸ್ ಕಾರ್ಡ್. ಏರದೆ ಅಲ್ಲೇ ನಿಂತರೆ ಪ್ರೊಸೆಸರ್. ಹೆಚ್ಚಿನ ಮನೆಗಳಲ್ಲಿ ಗ್ರಾಫಿಕ್ಸ್ ಕಾರ್ಡೇ ತಡೆ. ಅಂಥವರು ಎಕ್ಸ್3ಡಿಗೆ ಹಾಕುವ ದುಡ್ಡನ್ನು ಕಾರ್ಡಿಗೆ ಹಾಕುವುದೇ ಮೇಲು. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2 ಆಡುವವರು, 240 ಹರ್ಟ್ಸ್ ಮಾನಿಟರ್ ಇರುವವರು ಮಾತ್ರ ಎಕ್ಸ್3ಡಿ ಕಡೆ ಧೈರ್ಯವಾಗಿ ಹೋಗಬಹುದು.

ಕ್ಯಾಮೆರಾ ವಿಷಯವನ್ನು ಅಂಗಡಿಗಳಲ್ಲಿ ಯಾರೂ ಕೇಳುವುದಿಲ್ಲ. ನಿಮಗೆ ಅದೇ ಎಲ್ಲಕ್ಕಿಂತ ಮುಖ್ಯ. ರೆಕಾರ್ಡಿಂಗ್ ಸೆಟ್ಟಿಂಗ್ ತೆರೆದು ನೋಡಿ: 4:2:0 ಅಂತಿದೆಯೋ, 4:2:2 10 ಬಿಟ್ ಅಂತಿದೆಯೋ? ಎರಡನೆಯದರಲ್ಲಿ ಬಣ್ಣದ ಮಾಹಿತಿ ಜಾಸ್ತಿ. ರಂಗಸ್ಥಳದ ಬೆಳಕಿನಲ್ಲಿ ವೇಷದ ಕೆಂಪು, ಹಳದಿ ಕೆಡದ ಹಾಗೆ ಆಮೇಲೆ ತಿದ್ದಲು ಅದು ಬೇಕು. ಆದರೆ ಆ ಫೈಲನ್ನು ಬಿಚ್ಚುವುದು ಭಾರಿ ಕೆಲಸ. ಎಚ್.265 (ವಿಡಿಯೋ ಕುಗ್ಗಿಸಿಡುವ ಒಂದು ವಿಧಾನ) ಮಾದರಿಯ 4:2:2 ಫೈಲನ್ನು ಇಂಟೆಲ್ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸ್ 11ನೇ ತಲೆಮಾರಿನಿಂದಲೇ ಸಲೀಸಾಗಿ ಬಿಚ್ಚುತ್ತದೆ. ಕ್ವಿಕ್ ಸಿಂಕ್ ಅನ್ನುವುದು ಅದನ್ನೇ. ರೈಜನ್ 7000 ಸರಣಿಯ ಒಳಗಿನ ಗ್ರಾಫಿಕ್ಸ್‌ಗೆ ಅದು ಬರುವುದಿಲ್ಲ. ಎನ್‌ವಿಡಿಯಾ ಕಾರ್ಡ್‌ಗಳಿಗೂ 2025ರ ಆರ್‌ಟಿಎಕ್ಸ್ 50 ಸರಣಿಯಲ್ಲೇ ಬಂದದ್ದು.

ಇದು ಇಲ್ಲದಿದ್ದರೆ ಏನಾಗುತ್ತದೆ ಅಂದರೆ, ಚಂಡೆಯ ಪೆಟ್ಟಿಗೆ ಹೆಜ್ಜೆ ಬೀಳುವ ಜಾಗದಲ್ಲಿ ಕಟ್ ಹಾಕಬೇಕು ಅಂತ ಟೈಮ್‌ಲೈನ್ ಎಳೆಯುತ್ತೀರಿ, ಚಿತ್ರ ತಡೆದು ತಡೆದು ಬರುತ್ತದೆ. ಸರಿಯಾದ ಫ್ರೇಮ್ ಹಿಡಿಯಲು ಒದ್ದಾಡಬೇಕು. ರಾತ್ರಿಯಿಡೀ ನಡೆದ ಆಟದ ಎಡಿಟಿಂಗ್ ಅಂದರೆ ಈ ಒದ್ದಾಟ ಸಾವಿರ ಸಲ. ಎಕ್ಸ್‌ಪೋರ್ಟ್ ಮಾಡಲು ಹಾಕಿ ನೀವು ಊಟಕ್ಕೆ ಹೋಗಬಹುದು, ಇದಕ್ಕೆ ಮಾತ್ರ ಕೂತೇ ಇರಬೇಕು. ಪ್ರಾಕ್ಸಿ ಫೈಲ್ (ಎಡಿಟಿಂಗಿಗೆ ಮಾತ್ರ ಬಳಸುವ ಹಗುರ ಪ್ರತಿ) ಮಾಡಿಕೊಂಡರೆ ಸುಧಾರಿಸುತ್ತದೆ, ಆದರೆ ಅದಕ್ಕೆ ಸಮಯವೂ ಡಿಸ್ಕಿನಲ್ಲಿ ಜಾಗವೂ ಬೇಕು. ಇಂಟೆಲ್ ತಗೊಳ್ಳುವುದಾದರೆ ಹೆಸರಿನ ಕೊನೆಯಲ್ಲಿ ಎಫ್ ಅಕ್ಷರ ಇದೆಯಾ ನೋಡಿ. 12400ಎಫ್, 245ಕೆಎಫ್ ಸ್ವಲ್ಪ ಅಗ್ಗಕ್ಕೆ ಸಿಗುತ್ತವೆ, ಆದರೆ ಅವುಗಳಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ, ಕ್ವಿಕ್ ಸಿಂಕೂ ಇಲ್ಲ.

ನಮ್ಮ ಕಡೆ ಕರೆಂಟಿನ ಲೆಕ್ಕವೂ ಹಾಕಲೇಬೇಕು. ಜೂನ್ ಬಂತೆಂದರೆ ಲೈನ್ ಮೇಲೆ ಮರ ಬೀಳುತ್ತದೆ, ಕರೆಂಟ್ ಹೋಗಿ ಬಂದು ಮಾಡುತ್ತದೆ. 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವಾಟ್. 14700ಕೆ ಒಂದೇ 253 ವಾಟ್ ತನಕ ಎಳೆಯಬಲ್ಲದು. ಗ್ರಾಫಿಕ್ಸ್ ಕಾರ್ಡ್, ಮಾನಿಟರ್ ಸೇರಿದರೆ ಯುಪಿಎಸ್ ಕೈಕೊಡುತ್ತದೆ, ಎಕ್ಸ್‌ಪೋರ್ಟ್ ಅರ್ಧಕ್ಕೆ ನಿಲ್ಲುತ್ತದೆ. 7700ರ ಮಿತಿ 88 ವಾಟ್. ಏನೇ ತಗೊಂಡರೂ 1000 ವಿಎ ಯುಪಿಎಸ್ ಇರಲಿ. ತಂಪಿನ ವಿಷಯದಲ್ಲಿ ನಾವು ಅದೃಷ್ಟವಂತರು, ಘಟ್ಟದ ಮೇಲೆ ವಾಟರ್ ಕೂಲರ್ ಸುಮ್ನೆ ಖರ್ಚು. ಏಪ್ರಿಲ್‌ನಲ್ಲಿ ಶಿವಮೊಗ್ಗ ಪೇಟೆಯ ಸೆಕೆಗೂ ಒಳ್ಳೆಯ ಏರ್ ಕೂಲರ್ ಸಾಕು.

ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಸೆಕೆಂಡ್ ಹ್ಯಾಂಡ್ ತರುವ ಯೋಚನೆ ಇದ್ದರೆ ಇಂಟೆಲ್ 13 ಮತ್ತು 14ನೇ ತಲೆಮಾರಿನ ಐ7, ಐ9 ಬೇಡ. ಅವುಗಳಲ್ಲಿ ವೋಲ್ಟೇಜ್ ಜಾಸ್ತಿಯಾಗಿ ಚಿಪ್ ಹಾಳಾಗುವ ದೋಷ ಇತ್ತು. 2024ರ ಆಗಸ್ಟ್‌ನಿಂದ ಬಯಾಸ್ (ಮದರ್ ಬೋರ್ಡಿನ ಒಳಗಿನ ಮೂಲ ತಂತ್ರಾಂಶ) ಮೂಲಕ ತಿದ್ದುಪಡಿ ಬಂತು, ಕಂಪನಿ ವಾರಂಟಿಯನ್ನು 2 ವರ್ಷ ಹೆಚ್ಚಿಸಿತು. ಆದರೆ ಆಗಲೇ ಹಾಳಾದ ಚಿಪ್ ಇದರಿಂದ ಸರಿಹೋಗುವುದಿಲ್ಲ.

ಹಾಗಾಗಿ ನಿಮ್ಮ ಕ್ಯಾಮೆರಾ 4:2:0 ಆದರೆ, ಅಥವಾ ಆರ್‌ಟಿಎಕ್ಸ್ 50 ಕಾರ್ಡ್ ಹಾಕಿಸುವುದಾದರೆ, ರೈಜನ್ 7 7700 ತಗೊಳ್ಳಿ. ಬೋರ್ಡಿನಲ್ಲಿ ಅದು ಕೂರುವ ಎಎಂ5 ಸಾಕೆಟ್‌ಗೆ 2027ರ ತನಕವಾದರೂ ಬೆಂಬಲ ಕೊಡುತ್ತೇವೆ ಅಂತ ರೈಜನ್ ತಯಾರಿಸುವ ಎಎಂಡಿ ಹೇಳಿದೆ. ಮುಂದೆ ಬೇಕೆನಿಸಿದರೆ ಎಕ್ಸ್3ಡಿ ಅದೇ ಬೋರ್ಡಿಗೆ ಕೂರುತ್ತದೆ. 4:2:2 ಕ್ಯಾಮೆರಾ, ಹಳೆಯ ಕಾರ್ಡ್ ಎರಡೂ ಇದ್ದರೆ ಇಂಟೆಲ್ ಕೋರ್ ಅಲ್ಟ್ರಾ 5 245ಕೆ. ಗೇಮಿನಲ್ಲಿ ಅದು ಎಕ್ಸ್3ಡಿಗೆ ಸಮ ಬರುವುದಿಲ್ಲ, ಆದರೆ ನಿಮ್ಮ ಹೊಟ್ಟೆಪಾಡಿನ ಕೆಲಸ ಸರಾಗವಾಗುತ್ತದೆ. ರ‍್ಯಾಮ್ 32 ಜಿಬಿ ಇರಲಿ, 16ರ ಎರಡು ಕಡ್ಡಿ. ನಾಲ್ಕು ಕಡ್ಡಿ ಹಾಕಿದರೆ ಡಿಡಿಆರ್5 ವೇಗ ಇಳಿಯುತ್ತದೆ. ಅಂಗಡಿಗೆ ಹೋಗುವಾಗ ನಿಮ್ಮ ಕ್ಯಾಮೆರಾದ ಒಂದು ಕ್ಲಿಪ್ ಪೆನ್‌ಡ್ರೈವಿನಲ್ಲಿ ಒಯ್ಯಿರಿ. ದುಡ್ಡು ಕೊಡುವ ಮೊದಲು ಅದನ್ನು ಅವರ ಮುಂದೆಯೇ ಟೈಮ್‌ಲೈನಿನಲ್ಲಿ ಎಳೆದು ನೋಡಿ.